ಬುತ್ತಿಯ ಗಂಟು, ದಾರಿಯ ನಂಟು

ಎರಡು ವರ್ಷಕ್ಕೊಮ್ಮೆ ಓದುಗರೊಡನೆ ನಾಲ್ಕು ಮಾತು ಹಂಚಿಕೊಳ್ಳುವ ಈ ಅಂಕಣಕ್ಕೆ ಈ ಸಲ ಪ್ರಯಾಣವನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ನೀವೆಲ್ಲರೂ ಎಲ್ಲಿಂದಲೋ ಪ್ರಯಾಣ ಮಾಡಿ ಬಂದವರು. ಮೂರು ದಿನದ ಸಡಗರ ಮುಗಿದ ಮೇಲೆ ಮತ್ತೆ ಪ್ರಯಾಣ ಹೊರಡುವವರು. ‘ದೇಶ ಸುತ್ತು, ಕೋಶ ಓದು’ ಎಂದರು ನಮ್ಮ ಹಿರಿಯರು. ಏಳು ಸಮುದ್ರ ದಾಟಿ ಬಂದು ನೆಲೆಸಿದ ನಮಗೆ ದೇಶ ಸುತ್ತುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಸುತ್ತಿದ್ದರಲ್ಲಿ ಮನಸ್ಸಿನಲ್ಲಿ ಉಳಿದದ್ದೆಷ್ಟು ಎಂಬ ಲೆಕ್ಕವನ್ನು ನಾವು ಹಾಕಿದಂತಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವ ಪ್ರವಾಸಗಳಿಗೆ ಒಂದು ಅಚ್ಚು ಸಿದ್ಧವಾಗಿದೆ. ಊರಿನಿಂದ ಆರು ತಿಂಗಳ ಮಟ್ಟಿಗೆ ತಂದೆತಾಯಿ ಬರುತ್ತಾರೆ. ಅವರಿಗೆ ನಯಾಗರ ತೋರಿಸಬೇಕು, ಡಿಸ್ನಿ ತೋರಿಸಬೇಕು, ಎತ್ತರದ ಕಟ್ಟಡಗಳನ್ನು ತೋರಿಸಬೇಕು. ಹೋಟೆಲು, ಟಿಕೆಟ್ಟು, ಪೆಟ್ರೋಲು ಎಂದು ಸಾವಿರಾರು ಡಾಲರು ಖರ್ಚಾಗುತ್ತದೆ. ಕೊನೆಗೆ ಉಳಿಯುವುದು, ಸ್ವೆಟರು ತೊಟ್ಟು ಜಲಪಾತದ ಮುಂದೆ ಕಣ್ಣು ಕಿರಿದು ಮಾಡಿ ನಿಂತ ಹಿರಿಯರ ಕೆಲವು ಚಿತ್ರಗಳು. ಅಜ್ಜಿಯೂ ಮೊಮ್ಮಗನೂ ಒಂದೇ ಕಾರಿನ ಹಿಂದಿನ ಸೀಟಿನಲ್ಲಿ ಐದು ಗಂಟೆ ಕುಳಿತು ಐದು ಮಾತು ಆಡದೆ ಇಳಿದರೆ, ಆ ಪ್ರಯಾಣ ತಲುಪಿದ್ದಾದರೂ ಎಲ್ಲಿಗೆ? ಹಿರಿಯರ ಬರವು ಎಣಿಕೆಯದು; ಮಕ್ಕಳ ಬಾಲ್ಯವೂ ಎಣಿಕೆಯದು. ಈ ಎರಡೂ ಒಂದೇ ಸೂರಿನಡಿ ಇರುವ ದಿನಗಳಂತೂ ಇನ್ನೂ ಕಡಿಮೆ. ಆದುದರಿಂದ ಕಡಿಮೆ ಖರ್ಚಿನ ಪ್ರವಾಸದ ಪ್ರಶ್ನೆ ನನಗೆ ಕೇವಲ ಹಣ ಉಳಿಸುವ ಪ್ರಶ್ನೆಯಾಗಿ ತೋರಿಲ್ಲ.

ಹಿರಿಯರನ್ನು ನಾವು ಸಾಮಾನಿನಂತೆ ಒಯ್ಯುವುದನ್ನು ಬಿಟ್ಟು ಸಹಪ್ರಯಾಣಿಕರನ್ನಾಗಿ ಮಾಡಿಕೊಂಡರೆ ಏನಾಗುತ್ತದೆಂಬುದಕ್ಕೆ ಕನ್ನಡದಲ್ಲಿಯೇ ಒಂದು ಶ್ರೇಷ್ಠ ನಿದರ್ಶನವಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಇಳಿವಯಸ್ಸಿನಲ್ಲಿ ಈ ದೇಶಕ್ಕೆ ಬಂದು ಹೋದರು. ಆ ಅನುಭವದಿಂದ ಮೂಡಿದ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಹೇಮಾವತಿಯ ದಡದಿಂದ ಬಂದ ಕಣ್ಣು ನಮಗೆ ಸವೆದುಹೋದ ನೋಟಗಳಲ್ಲಿಯೂ ಹೊಸತನ್ನು ಕಾಣಬಲ್ಲದು. ನಮ್ಮ ಮನೆಗೆ ಬರುವ ಪ್ರತಿಯೊಬ್ಬ ಅಜ್ಜ-ಅಜ್ಜಿಗೂ ಅಂಥ ಕಣ್ಣಿದೆ. ಕೈಗೆ ಒಂದು ಪುಸ್ತಕ, ಒಂದು ಪೆನ್ನು ಕೊಡುವವರು ಬೇಕು, ಅಷ್ಟೆ.

ಇನ್ನು ವಿಷಯಕ್ಕೆ ಬರೋಣ. ಶಿಕಾಗೋ ಮತ್ತು ಡೆಟ್ರಾಯಿಟ್ ನಗರಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಇವು ನನಗೆ ಚೆನ್ನಾಗಿ ಪರಿಚಿತವಾದ ಊರುಗಳು. ಡೆಟ್ರಾಯಿಟ್ 2002ರಲ್ಲಿಯೂ ಶಿಕಾಗೋ 2008ರಲ್ಲಿಯೂ ವಿಶ್ವ ಕನ್ನಡ ಸಮ್ಮೇಳನಕ್ಕೆ ಆತಿಥ್ಯ ನೀಡಿದ ಊರುಗಳು ಕೂಡ. ಇವೆರಡರ ನಡುವೆ ರಸ್ತೆಯಲ್ಲಿ ಸುಮಾರು 280 ಮೈಲಿ.

ಹೊರಡುವ ಮುನ್ನ

ಮೊದಲ ಸಲಹೆ, ಪ್ರಯಾಣವನ್ನು ಬಡಾವಣೆಯ ಗ್ರಂಥಾಲಯದಿಂದ ಆರಂಭಿಸಿರಿ. ಮಿಶಿಗನ್ ರಾಜ್ಯದ ಗ್ರಂಥಾಲಯಗಳಲ್ಲಿ ಸದಸ್ಯರಿಗೆ ‘ಮಿಶಿಗನ್ ಆಕ್ಟಿವಿಟಿ ಪಾಸ್’ ದೊರೆಯುತ್ತದೆ. ಅದರಿಂದ ಅನೇಕ ವಸ್ತುಸಂಗ್ರಹಾಲಯ ಮತ್ತು ಉದ್ಯಾನಗಳಲ್ಲಿ ಉಚಿತ ಅಥವಾ ರಿಯಾಯಿತಿ ಪ್ರವೇಶ ಸಿಗುತ್ತದೆ. ಶಿಕಾಗೋ ಸುತ್ತಿನ ಗ್ರಂಥಾಲಯಗಳಲ್ಲಿಯೂ ಇಂಥ ಪಾಸುಗಳಿವೆ, ಕೇಳಿ ಪಡೆಯಬೇಕು. ನಾಲ್ಕನೆಯ ತರಗತಿಯ ಮಗುವಿದ್ದರೆ, ಆ ವರ್ಷ ರಾಷ್ಟ್ರೀಯ ಉದ್ಯಾನಗಳಿಗೆ ಇಡೀ ಕಾರಿಗೇ ಪ್ರವೇಶ ಶುಲ್ಕವಿಲ್ಲದ ಪಾಸನ್ನು ಪಡೆಯುವ ಸೌಲಭ್ಯವಿದೆ.

ಎರಡನೆಯದು ಬುತ್ತಿ. ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಕೋಡುಬಳೆಗಳ ಗುಣಗಾನ ನಿಮ್ಮ ಮುಂದೆ ಮಾಡಬೇಕಾಗಿಲ್ಲ. ಮೊಸರನ್ನದ ಬಗ್ಗೆ ಮಾತ್ರ ನನ್ನ ತಾಯಿಯವರ ಕ್ರಮವನ್ನು ಹೇಳುತ್ತೇನೆ. ಮೆತ್ತಗೆ ಬೆಂದ ಅನ್ನವನ್ನು ಬಿಸಿಯಿರುವಾಗಲೇ ಹಾಲು ಹಾಕಿ ಕಲಸಿ, ಉಗುರುಬೆಚ್ಚಗಾದ ಮೇಲೆ ಒಂದೇ ಚಮಚ ಮೊಸರು ಬೆರೆಸಿ ಡಬ್ಬಿಗೆ ತುಂಬಬೇಕು. ಬೆಳಿಗ್ಗೆ ಏಳಕ್ಕೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಅದು ದಾರಿಯಲ್ಲಿಯೇ ಹದವಾಗಿ ಹೆಪ್ಪಾಗಿರುತ್ತದೆ, ಹುಳಿಯಾಗಿರುವುದಿಲ್ಲ. ಹೆದ್ದಾರಿಯ ಪಕ್ಕದ ವಿಶ್ರಾಂತಿ ತಾಣಗಳಲ್ಲಿ ಮರದ ನೆರಳು, ಮೇಜು, ನೀರು ಎಲ್ಲವೂ ಉಚಿತ. ಹಿರಿಯರಿದ್ದಾಗ ಎರಡು ಗಂಟೆಗೊಮ್ಮೆ ಇಳಿದು ಕಾಲಾಡಿಸುವುದೂ ಆಗುತ್ತದೆ.

ದಾರಿಯಲ್ಲಿ

ಕಾರಿನಲ್ಲಿ ಕುಳಿತ ಪ್ರತಿಯೊಬ್ಬರಿಗೂ ಒಂದು ಉದ್ಯೋಗ ಕೊಡಿ. ಅಜ್ಜನಿಗೆ ದಿನಚರಿಯ ಪುಸ್ತಕ, ಮಗುವಿಗೆ ಕಾಗದದ ನಕ್ಷೆ, ಅಜ್ಜಿಗೆ ಕಥೆಯ ಖಾತೆ. ಫೋನು ದಾರಿ ಹೇಳುತ್ತದೆ, ನಿಜ. ಆದರೆ ದಾರಿಯ ಆಚೆ ಈಚೆ ಏನಿದೆಯೆಂದು ಹೇಳುವುದು ನಕ್ಷೆಯೇ. ಮಿಶಿಗನ್ನಿನ ಜನ ನಕ್ಷೆಯನ್ನು ಅಂಗೈಯಲ್ಲಿಯೇ ಇಟ್ಟುಕೊಂಡಿದ್ದಾರೆ. ಬಲ ಅಂಗೈಯನ್ನು ಬೆರಳು ಮೇಲಾಗಿ ನಿಮ್ಮತ್ತ ಹಿಡಿದರೆ ಅದೇ ಆ ರಾಜ್ಯದ ಕೆಳಭಾಗದ ಆಕಾರ. ಹೆಬ್ಬೆರಳಿನ ಬುಡದಿಂದ ಕೆಳಗೆ, ಬಲ ಅಂಚಿನಲ್ಲಿ ಡೆಟ್ರಾಯಿಟ್. ಮಗು ಅಜ್ಜಿಯ ಅಂಗೈ ಹಿಡಿದು ‘ಈಗ ನಾವು ಇಲ್ಲಿದ್ದೇವೆ’ ಎಂದು ತೋರಿಸುವುದಕ್ಕೆ ಯಾವ ಖರ್ಚೂ ಇಲ್ಲ. ಇಂಡಿಯಾನಾ ದಾಟಿ ಮಿಶಿಗನ್ ಹೊಕ್ಕೊಡನೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಆ ಗಂಟೆ ಎಲ್ಲಿ ಹೋಯಿತೆಂಬ ಚರ್ಚೆಯೊಂದೇ ನಮ್ಮ ಮನೆಯವರಿಗೆ ನಲವತ್ತು ಮೈಲಿ ನಡೆಯಿತು.

ಕಾರು ಬೇಡವೆನ್ನುವವರಿಗೆ ರೈಲಿದೆ. ಆಮ್‌ಟ್ರ್ಯಾಕ್‌ನ ‘ವೂಲ್ವರೀನ್’ ಗಾಡಿ ಶಿಕಾಗೋದಿಂದ ಕಲಮಜೂ, ಆನ್ ಆರ್ಬರ್, ಡಿಯರ್‌ಬಾರ್ನ್‌ಗಳ ಮೂಲಕ ಸುಮಾರು ಐದೂವರೆ ಗಂಟೆಯಲ್ಲಿ ಡೆಟ್ರಾಯಿಟ್ ತಲುಪಿಸುತ್ತದೆ. ಕೆಲವೆಡೆ ಗಂಟೆಗೆ 110 ಮೈಲಿ ವೇಗದಲ್ಲಿ ಓಡುತ್ತದೆ. ಎಲ್ಲರೂ ಎದುರುಬದುರು ಮಾತಾಡಬಹುದು. ಚಾಲಕನೆಂಬ ಒಬ್ಬ ಬಡಪಾಯಿ ಇಡೀ ಪ್ರವಾಸವನ್ನು ಬೆನ್ನು ತೋರಿಸಿ ಕಳೆಯುವುದು ತಪ್ಪುತ್ತದೆ.

ಕಾರಿನಲ್ಲಿ ಹೋಗುವವರು ಮಿಶಿಗನ್ ಸರೋವರದ ದಕ್ಷಿಣ ದಂಡೆಯ ಇಂಡಿಯಾನಾ ಮರಳು ದಿಬ್ಬಗಳಲ್ಲಿ ಒಂದು ಗಂಟೆ ಇಳಿಯಿರಿ. 1966ರಿಂದ ರಾಷ್ಟ್ರೀಯ ಸರೋವರ ತೀರವಾಗಿದ್ದ ಈ ತಾಣ 2019ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲೆ ಇದೆ, ಮರಳಿದೆ, ಆಚೆಯ ದಡ ಕಾಣದು. ನನ್ನ ತಾಯಿಯವರು ಬೊಗಸೆ ನೀರನ್ನು ತುಟಿಗೆ ಮುಟ್ಟಿಸಿ, ‘ಇಷ್ಟು ದೊಡ್ಡ ಸಮುದ್ರಕ್ಕೆ ಉಪ್ಪು ಹಾಕುವುದನ್ನು ಮರೆತಿದ್ದಾರಲ್ಲೋ!’ ಎಂದರು. ಆ ಪ್ರವಾಸದಲ್ಲಿ ನನ್ನ ಮಗ ಕಲಿತ ಮೊದಲ ಪೂರ್ಣ ಕನ್ನಡ ವಾಕ್ಯ ಅದು. ಶಾಲೆಯಲ್ಲಿ ಹಿಮಯುಗ, ನೀರ್ಗಲ್ಲು, ಸಿಹಿನೀರಿನ ಸರೋವರಗಳ ಪಾಠ ಬಂದಾಗ ಅವನಿಗೆ ಮೊದಲು ನೆನಪಾದದ್ದೂ ಅದೇ.

ಶಿಕಾಗೋದಲ್ಲಿ

ನಗರದಲ್ಲಿ ಒಂದು ದಿನಕ್ಕೆ ಒಂದೇ ಎಳೆಯನ್ನು ಹಿಡಿಯಿರಿ. ಹತ್ತು ಕಡೆ ಓಡಿ ಏನನ್ನೂ ಕಾಣದಿರುವುದಕ್ಕಿಂತ ಇದು ಮೇಲು. ಉದಾಹರಣೆಗೆ ಮೈಸೂರಿನ ಎಳೆ. 1892ರಲ್ಲಿ ಮೈಸೂರಿಗೆ ಬಂದ ತರುಣ ಸನ್ಯಾಸಿಯೊಬ್ಬರು ಮಹಾರಾಜ ಚಾಮರಾಜ ಒಡೆಯರ ಅತಿಥಿಯಾಗಿದ್ದರು. ಮರುವರ್ಷ, 1893ರ ಸೆಪ್ಟೆಂಬರ್ 11ರಂದು, ಅದೇ ವಿವೇಕಾನಂದರು ಶಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದರು. ಆ ಕಟ್ಟಡವೇ ಇಂದಿನ ಆರ್ಟ್ ಇನ್‌ಸ್ಟಿಟ್ಯೂಟ್. ಒಳಗಿನ ಪ್ರವೇಶಕ್ಕೆ ಹಣ ತೆರಬೇಕು. ಆದರೆ ಮಿಶಿಗನ್ ಅವೆನ್ಯೂ ಕಡೆಯ ಮೆಟ್ಟಿಲ ಮೇಲೆ ಕುಳಿತು ಮಕ್ಕಳಿಗೆ ಆ ಕಥೆ ಹೇಳುವುದಕ್ಕೆ ಬೇಡ. ಎದುರಿನ ರಸ್ತೆಯ ಒಂದು ಭಾಗಕ್ಕೆ ಅವರ ಗೌರವಾರ್ಥ ಹೆಸರಿಟ್ಟಿರುವ ಫಲಕವನ್ನು ಹುಡುಕುವ ಕೆಲಸವನ್ನು ಮಕ್ಕಳಿಗೇ ವಹಿಸಿ. ನಡೆಯುವಷ್ಟು ದೂರದಲ್ಲಿಯೇ, 1897ರಲ್ಲಿ ಗ್ರಂಥಾಲಯವಾಗಿ ತೆರೆದ ಕಲ್ಚರಲ್ ಸೆಂಟರಿನ ಬಣ್ಣದ ಗಾಜಿನ ಗುಮ್ಮಟವನ್ನು ಉಚಿತವಾಗಿ ನೋಡಬಹುದು.

ಎರಡನೆಯ ದಿನಕ್ಕೆ ಎ. ಕೆ. ರಾಮಾನುಜನ್ ಅವರ ಎಳೆ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಪಾಠ ಹೇಳಿ, 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಅವರು ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿದ್ದರು. ಪೇಟೆಯಿಂದ ಮೆಟ್ರಾ ರೈಲು ಹಿಡಿದು ಹೈಡ್ ಪಾರ್ಕಿನಲ್ಲಿ ಇಳಿದರೆ ಅವರು ನಡೆದಾಡಿದ ಆವರಣದಲ್ಲಿ ನಾವೂ ನಡೆಯಬಹುದು. ವಚನಗಳ ಇಂಗ್ಲಿಷ್ ರೂಪವಾದ ಅವರ ‘ಸ್ಪೀಕಿಂಗ್ ಆಫ್ ಶಿವ’ ಪ್ರಕಟವಾದದ್ದು 1973ರಲ್ಲಿ. ಅದೇ ವರ್ಷ ಅದೇ ನಗರದಲ್ಲಿ, ಅದೇ 1929ರಲ್ಲಿ ಢಾಕಾದಲ್ಲಿ ಹುಟ್ಟಿದ ಇಂಜಿನಿಯರ್ ಫಜ್ಲುರ್ ರೆಹಮಾನ್ ಖಾನ್ ಅವರ ಜಾಣ್ಮೆಯಿಂದ 1,450 ಅಡಿಯ ಸಿಯರ್ಸ್ ಗೋಪುರ ತುದಿ ಮುಟ್ಟಿತು. 2009ರಿಂದ ಅದರ ಹೆಸರು ವಿಲ್ಲಿಸ್ ಗೋಪುರ. ಒಂದು ಸ್ಥಾವರ, ಒಂದು ಜಂಗಮ. ಗೋಪುರದ ಮೇಲೇರಲು ದುಬಾರಿ ಟಿಕೆಟ್ಟು ಬೇಕು. ಪುಸ್ತಕ ಗ್ರಂಥಾಲಯದಲ್ಲಿ ಸಿಗುತ್ತದೆ. ಯಾವುದು ಹೆಚ್ಚು ಎತ್ತರವೆಂಬ ಪ್ರಶ್ನೆಯನ್ನು ಹರೆಯದ ಮಕ್ಕಳ ಮುಂದಿಟ್ಟು ನೋಡಿ, ಒಳ್ಳೆಯ ವಾದವೇ ನಡೆಯುತ್ತದೆ.

ರಾಮಾನುಜನ್ನರಿಂದ ನಮಗೆ ಇನ್ನೊಂದು ಪಾಠವಿದೆ. ಮನೆಯ ಹೆಂಗಸರು ಅಡುಗೆಮನೆಯಲ್ಲಿ, ಮಕ್ಕಳಿಗೆ ಉಣಿಸುತ್ತ ಹೇಳುವ ಕನ್ನಡದ ಕಥೆಗಳನ್ನು ಅವರು ದಶಕಗಳ ಕಾಲ ಸಂಗ್ರಹಿಸಿದರು. ಅವು ಅವರ ನಿಧನಾನಂತರ, 1997ರಲ್ಲಿ, ಇಂಗ್ಲಿಷಿನಲ್ಲಿ ಗ್ರಂಥವಾಗಿ ಬಂದವು. ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜಿಯ ಬಳಿ ಅಂಥ ಹತ್ತು ಕಥೆಗಳಾದರೂ ಇರುತ್ತವೆ. ಎಲ್ಲರ ಕೈಯಲ್ಲಿರುವ ಫೋನಿನಲ್ಲಿ ಧ್ವನಿಮುದ್ರಣದ ಗುಂಡಿ ಇದೆ. ಅದನ್ನು ಒತ್ತಿ, ‘ನಿಮ್ಮಜ್ಜಿ ನಿಮಗೆ ಹೇಳುತ್ತಿದ್ದ ಕಥೆ ಯಾವುದು?’ ಎಂದು ಕೇಳಿರಿ. ‘ಒಂದು ಕಥೆ ಹೇಳಿ’ ಎಂದರೆ ನನಗೇನು ಬರುತ್ತದೆ ಎನ್ನುತ್ತಾರೆ. ಅವರ ಅಜ್ಜಿಯ ಹೆಸರೆತ್ತಿದರೆ ನಿಲ್ಲಿಸುವುದಿಲ್ಲ.

ಡೆಟ್ರಾಯಿಟ್‌ನಲ್ಲಿ

2002ರ ಸಮ್ಮೇಳನಕ್ಕೆ ನಾವು ತಂದೆತಾಯಿಯೊಡನೆ ಒಂದು ದಿನ ಮೊದಲೇ ಹೋಗಿದ್ದೆವು. ಆ ದಿನವನ್ನು ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್‌ನಲ್ಲಿ ಕಳೆದೆವು. ಮೆಕ್ಸಿಕೋದ ಕಲಾವಿದ ಡಿಯೇಗೋ ರಿವೆರಾ 1932-33ರಲ್ಲಿ ಫೋರ್ಡರ ರೂಜ್ ಕಾರ್ಖಾನೆಯನ್ನು ನೋಡಿ 27 ಫಲಕಗಳಲ್ಲಿ ಬಿಡಿಸಿದ ಭಿತ್ತಿಚಿತ್ರಗಳು ಅಲ್ಲಿವೆ. ಎಂಜಿನು ತಯಾರಾಗುವ ಉತ್ತರದ ಗೋಡೆಯ ಮುಂದೆ ನನ್ನ ತಂದೆಯವರು ನಿಂತೇಬಿಟ್ಟರು. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ‘ಇದು ಊದುಕುಲುಮೆ. ಇವನು ನೋಡು, ಮೈಯನ್ನು ಹಿಂದಕ್ಕೆ ವಾಲಿಸಿ ಎಳೆಯುತ್ತಿದ್ದಾನಲ್ಲ, ಹಾಗೆ ನಿಲ್ಲದಿದ್ದರೆ ಸೊಂಟ ಹೋಗುತ್ತದೆ’ ಎಂದು ಹನ್ನೊಂದು ವರ್ಷದ ಮೊಮ್ಮಗನಿಗೆ ಒಬ್ಬೊಬ್ಬ ಕೆಲಸಗಾರನ ನಿಲುವನ್ನೂ ತಾವೇ ನಿಂತು ತೋರಿಸಿದರು. ಸುತ್ತ ನಾಲ್ಕು ಜನ ಸೇರಿ ಕೇಳತೊಡಗಿದರು. ತಾತ ಎಂದರೆ ಸೋಫಾದ ಮೂಲೆಯಲ್ಲಿ ಪತ್ರಿಕೆ ಓದುವ ಮುದುಕ ಎಂದಷ್ಟೇ ತಿಳಿದಿದ್ದ ಹುಡುಗನಿಗೆ, ಅವರು ಬೆಂಕಿಯೊಡನೆ ಕೆಲಸ ಮಾಡಿದವರೆಂಬುದು ಆ ಗೋಡೆಯ ಮುಂದೆ ತಿಳಿಯಿತು. ಮರುದಿನದ ಸಮ್ಮೇಳನದ ಗದ್ದಲದಲ್ಲಿ ಅವನು ತಾತನ ಕೈಯನ್ನು ಬಿಡಲಿಲ್ಲ. ತಂದೆಯವರ ದಿನಚರಿಯಲ್ಲಿ ಆ ದಿನಕ್ಕೆ ಒಂದೇ ಸಾಲು: ‘ಭದ್ರಾವತಿಯನ್ನು ಇಲ್ಲಿ ಕಂಡೆ.’ ಅವರು ಇಂದಿಲ್ಲ. ಆ ಪುಸ್ತಕ ಈಗ ನನ್ನ ಮಗನ ಮನೆಯಲ್ಲಿದೆ. ಅಂದಹಾಗೆ ವೇಯ್ನ್, ಓಕ್‌ಲೆಂಡ್, ಮಕೋಂಬ್ ಕೌಂಟಿಗಳ ನಿವಾಸಿಗಳಿಗೆ ಈ ಸಂಗ್ರಹಾಲಯಕ್ಕೆ ಪ್ರವೇಶ ಉಚಿತ.

ಆದ್ದರಿಂದ ಸ್ಥಳ ಆರಿಸುವಾಗ ‘ಇಲ್ಲಿ ಪ್ರಸಿದ್ಧವಾದುದೇನು?’ ಎಂಬುದರ ಜೊತೆಗೆ ‘ನಮ್ಮ ಹಿರಿಯರು ಬದುಕಿನಲ್ಲಿ ಏನು ಮಾಡಿದವರು?’ ಎಂದೂ ಕೇಳಿಕೊಳ್ಳಿ. ರೈತರಾಗಿದ್ದವರನ್ನು 1891ರಿಂದ ಅದೇ ಜಾಗದಲ್ಲಿ ನಡೆದುಬಂದಿರುವ ಈಸ್ಟರ್ನ್ ಮಾರ್ಕೆಟ್ಟಿನ ಶನಿವಾರದ ಸಂತೆಗೆ ಕರೆದೊಯ್ಯಿರಿ. ರೈಲ್ವೆಯಲ್ಲಿದ್ದವರಿಗೆ, 1913ರಲ್ಲಿ ತೆರೆದು, 1988ರಲ್ಲಿ ಕೊನೆಯ ಗಾಡಿಯನ್ನು ಕಳುಹಿಸಿ ಪಾಳುಬಿದ್ದು, 2024ರಲ್ಲಿ ಮತ್ತೆ ಬೆಳಗಿದ ಮಿಶಿಗನ್ ಸೆಂಟ್ರಲ್ ನಿಲ್ದಾಣವನ್ನು ತೋರಿಸಿರಿ. ನಡೆಯಲಾರದವರನ್ನು ಪೇಟೆಯ ಮೇಲೆ 2.9 ಮೈಲಿ ಸುತ್ತುವ ಪೀಪಲ್ ಮೂವರ್ ಗಾಡಿಯಲ್ಲಿ ಕೂರಿಸಿರಿ. 2024ರಲ್ಲಿ ಅದರ ಟಿಕೆಟ್ಟನ್ನೇ ತೆಗೆದುಹಾಕಿದರು. ನದಿಯ ನಡುವಿನ 982 ಎಕರೆಯ ಬೆಲ್ ಐಲ್ ದ್ವೀಪದಲ್ಲಿ 1904ರ ಮತ್ಸ್ಯಾಲಯಕ್ಕೂ ಪ್ರವೇಶ ಉಚಿತ.

ನದಿಯ ದಂಡೆಯಲ್ಲಿ ಒಂದು ಒಗಟು ಕಾದಿದೆ. ಕೆನಡಾ ಉತ್ತರದಲ್ಲಿದೆಯೆಂದು ಎಲ್ಲರೂ ಬಲ್ಲರು. ಇಲ್ಲಿ ಮಾತ್ರ ದಕ್ಷಿಣಕ್ಕೆ ತಿರುಗಿದರೆ ಕೆನಡಾದ ವಿಂಡ್ಸರ್ ಕಾಣುತ್ತದೆ. ಈಚೆಯ ದಡದಿಂದಲೇ ನೋಡಿ ತೃಪ್ತಿಪಡಿ. ಭಾರತದ ಪಾಸ್‌ಪೋರ್ಟಿನಲ್ಲಿ ಬಂದ ಹಿರಿಯರಿಗೆ ಆಚೆ ದಾಟಲು ಬೇರೆಯೇ ವೀಸಾ ಬೇಕು. ಸೇತುವೆಯತ್ತ ಹೋಗುವ ಲೇನಿಗೆ ಅಪ್ಪಿತಪ್ಪಿಯೂ ಕಾರು ತಿರುಗಿಸಬೇಡಿ.

ಕಡೆಯ ಸಲಹೆ, ಪ್ರತಿ ಊರಿನಲ್ಲಿಯೂ ಒಂದು ಅಂಚೆ ಕಾರ್ಡು ಕೊಂಡು, ಎಲ್ಲರೂ ಒಂದೊಂದು ಸಾಲು ಬರೆದು, ನಿಮ್ಮ ಮನೆಯ ವಿಳಾಸಕ್ಕೇ ಹಾಕಿರಿ. ಅಜ್ಜಿಯ ಸಾಲು ಕನ್ನಡದಲ್ಲಿರಲಿ. ಅದನ್ನು ಓದುವುದಕ್ಕಾಗಿಯಾದರೂ ಮಗು ಅಕ್ಷರಗಳನ್ನು ಕೂಡಿಸಿ ನೋಡುತ್ತದೆ.

ಇಷ್ಟು ಓದಿದ ಮೇಲೆ ಈ ಸಂಚಿಕೆಯನ್ನು ಮಡಿಚಿಟ್ಟು ಒಮ್ಮೆ ಸಭಾಂಗಣದ ಹೊರಗಣ ಕುರ್ಚಿಗಳತ್ತ ನೋಡಿ. ಒಳಗಿನ ಧ್ವನಿವರ್ಧಕದ ಅಬ್ಬರ ತಾಳಲಾರದೆ ಹಲವು ಹಿರಿಯರು ಅಲ್ಲಿ ಕುಳಿತಿರುತ್ತಾರೆ. ಪಕ್ಕದಲ್ಲಿ ಕುಳಿತು, ಯಾವ ಊರು, ಏನು ಕೆಲಸದಲ್ಲಿದ್ದಿರಿ ಎಂದು ವಿಚಾರಿಸಿರಿ. ಈ ಪ್ರವಾಸದ ಅತ್ಯಂತ ಅಗ್ಗದ, ಅತ್ಯಂತ ದೂರದ ಯಾತ್ರೆ ಅಲ್ಲಿಂದಲೇ ಆರಂಭವಾಗಬಹುದು. ನಿಮ್ಮ ಪ್ರಯಾಣ ಸುಖಕರವಾಗಲಿ. ಎರಡು ವರ್ಷಗಳ ಮೇಲೆ ಮತ್ತೆ ಭೇಟಿಯಾಗೋಣ.