ಎರಡು ಎ4 ಹಾಳೆಯಲ್ಲಿ ಗೆಳೆತನದ ದಿನ

ಜುಲೈ ಕೊನೆಯ ವಾರ ಬಂತು ಅಂದ್ರೆ ಶಾಲೆ ಎದುರಿನ ಸ್ಟೇಷನರಿ ಅಂಗಡಿಗಳಲ್ಲಿ ಫ್ರೆಂಡ್‌ಶಿಪ್ ಬ್ಯಾಂಡ್‌ಗಳ ಗೊಂಚಲು ತೂಗಾಡೋಕೆ ಶುರು. ವಿಶ್ವಸಂಸ್ಥೆ 2011ರಲ್ಲೇ ಜುಲೈ 30 ಅನ್ನು ಅಂತರರಾಷ್ಟ್ರೀಯ ಗೆಳೆತನದ ದಿನ ಅಂತ ಘೋಷಿಸಿದೆ. ನಮ್ಮಲ್ಲಿ ಮಾತ್ರ ಆಗಸ್ಟ್‌ನ ಮೊದಲ ಭಾನುವಾರವೇ ಗಟ್ಟಿ. ಮಕ್ಕಳಿಗೆ ಈ ತಾರೀಖುಗಳ ಗೊಡವೆ ಇಲ್ಲ. ಅವರ ಲೆಕ್ಕವೇ ಬೇರೆ: ಯಾರ ಕೈಯಲ್ಲಿ ಎಷ್ಟು ಬ್ಯಾಂಡ್?

ಕಳೆದ ವರ್ಷ ಮಗಳು ಮಣಿಕಟ್ಟಿನಿಂದ ಮೊಣಕೈವರೆಗೂ ಬ್ಯಾಂಡ್ ಕಟ್ಟಿಸ್ಕೊಂಡು ಮನೆಗೆ ಬಂದಳು. ಊಟಕ್ಕೆ ಕೂತಾಗ ಸುಮ್ಮನೆ ಒಂದು ಮಾತು ಹೇಳಿದಳು: "ಅಮ್ಮಾ, ನಮ್ ಕ್ಲಾಸಿಗೆ ಹೊಸ ಹುಡುಗ ಬಂದಿದಾನಲ್ಲ, ಅವನ ಕೈಲಿ ಒಂದೂ ಇರ್ಲಿಲ್ಲ. ಅವನು ಕೈ ಜೇಬೊಳಗೇ ಇಟ್ಕೊಂಡಿದ್ದ." ಏಳು ವರ್ಷದ ಹುಡುಗ ಇಡೀ ದಿನ ಕೈ ಜೇಬಲ್ಲಿಟ್ಟುಕೊಂಡು ಓಡಾಡಿದ ಅನ್ನೋದು ನನ್ನ ತಲೆಯಿಂದ ಹೋಗಲೇ ಇಲ್ಲ. ಅಂಗಡಿಯ ಬ್ಯಾಂಡ್ ಪ್ಯಾಕೆಟ್ ಲೆಕ್ಕದಲ್ಲಿ ಸಿಗುತ್ತೆ. ದುಡ್ಡಿದ್ದವರ ಮಗು ಪ್ಯಾಕೆಟ್ ಹಂಚುತ್ತೆ, ಹಂಚಿದವರಿಗೆ ವಾಪಸ್ ಸಿಗುತ್ತೆ. ಹೊಸಬರಿಗೆ ಮತ್ತು ಮಾತು ಕಡಿಮೆ ಇರೋ ಮಕ್ಕಳಿಗೆ ಆ ದಿನ ಬರೀ ಪರೀಕ್ಷೆ.

ಅದಕ್ಕೇ ಈ ಸಲ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮಾತು ಹಾಕಿದೆ. ತರಗತಿಯ ಎಲ್ಲಾ ಮಕ್ಕಳ ಹೆಸರು ಬರೆದು ಚೀಟಿ ಎತ್ತಿಸೋಣ. ಯಾರ ಹೆಸರು ಬರುತ್ತೋ ಅವರಿಗೆ ಮಾತ್ರ, ಒಂದೇ ಒಂದು, ಕೈಯಾರೆ ಮಾಡಿದ್ದು. ಟೀಚರ್ ಒಪ್ಪಿದ್ದಾರೆ. ಒಬ್ಬರು ತಾಯಿ "ಆಫೀಸಿಂದ ಬರೋದೇ ಎಂಟು ಗಂಟೆಗೆ, ಕ್ರಾಫ್ಟ್ ಎಲ್ಲಿಂದ ಮಾಡಿಸ್ಲಿ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರಿಗೆ ಬರೆದ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸ್ತಾ ಇದೀನಿ.

ಬೇಕಾಗಿರೋದು ಎರಡು ಬಣ್ಣದ ಎರಡು ಎ4 ಹಾಳೆ, ಸ್ಕೇಲು, ಮೊಂಡು ತುದಿಯ ಕತ್ತರಿ, ಚೂರು ಅಂಟು. ಕೆಂಪು–ಹಳದಿ ಇದ್ದರೆ ಚೆನ್ನ, ಇಲ್ಲದಿದ್ದರೆ ಒಂದು ಬಿಳಿ, ಒಂದು ಹಳೇ ಕ್ಯಾಲೆಂಡರ್ ಹಾಳೆ ಆದ್ರೂ ನಡೆಯುತ್ತೆ. ಎ4 ಹಾಳೆ 29.7 ಸೆಂ.ಮೀ. ಉದ್ದ, 21 ಸೆಂ.ಮೀ. ಅಗಲ. ಒಂದು ಮೂಲೆಯನ್ನು ಎದುರಿನ ಅಂಚಿಗೆ ತಾಗೋ ಹಾಗೆ ಓರೆಯಾಗಿ ಮಡಿಸಿ, ಹೆಚ್ಚಾಗಿ ಉಳಿದ ಪಟ್ಟಿ ಕತ್ತರಿಸಿದರೆ 21 ಸೆಂ.ಮೀ. ಚೌಕ ಸಿಗುತ್ತೆ. ಸಾಮಾನ್ಯವಾಗಿ ಆ ಪಟ್ಟಿಯನ್ನ ಕಸಕ್ಕೆ ಹಾಕ್ತೀವಿ. ಹಾಕಬೇಡಿ. ಅದರ ಅಗಲ 8.7 ಸೆಂ.ಮೀ. ಅದರಲ್ಲಿ 7 ಸೆಂ.ಮೀ. ಅಗಲದ ಒಂದು ಪಟ್ಟಿ ತೆಗೆದರೆ ಇನ್ನೂ 1.7 ಸೆಂ.ಮೀ. ಉಳಿಯುತ್ತೆ. ಚೌಕದಲ್ಲಿ ಲಕೋಟೆ, ದೊಡ್ಡ ಪಟ್ಟಿಯಲ್ಲಿ ಹೃದಯ, ಸಣ್ಣ ಪಟ್ಟಿಯಲ್ಲಿ ಬ್ಯಾಂಡ್. ಒಂದು ಚೂರೂ ವ್ಯರ್ಥ ಇಲ್ಲ. (ಈ ಲೆಕ್ಕ ಸರಿಹೋದಾಗ ನನಗಾದ ಖುಷಿ ಮನೇಲಿ ಬೇರೆ ಯಾರಿಗೂ ಆಗಲಿಲ್ಲ, ಬಿಡಿ.)

ಬ್ಯಾಂಡ್ ಐದು ನಿಮಿಷದ ಕೆಲಸ. ಸಣ್ಣ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಿಸಿ ಅಂಟಿಸಿ, ಗಟ್ಟಿ ಆಗುತ್ತೆ. ಬಣ್ಣದ ಪೆನ್ಸಿಲಲ್ಲಿ ಹೆಸರು, ಹೂವು, ಏನು ಬೇಕೋ ಬರೀಲಿ. ಮೇಲೆ ಸೆಲ್ಲೋಟೇಪ್ ಹಚ್ಚಿದರೆ ಕೈ ತೊಳೆದಾಗಲೂ ಹಾಳಾಗಲ್ಲ. ಒಂದು ತುದಿಯ ಹತ್ತಿರ ಮೇಲಿಂದ ಅರ್ಧದವರೆಗೆ ಸೀಳು, ಇನ್ನೊಂದು ತುದಿಯ ಹತ್ತಿರ ಕೆಳಗಿಂದ ಅರ್ಧದವರೆಗೆ ಸೀಳು. ಕೈಗೆ ಸುತ್ತಿ ಸೀಳಿಗೆ ಸೀಳು ಸಿಕ್ಕಿಸಿದರೆ ಆಯ್ತು.

ಹೃದಯಕ್ಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಇದು ಡೆನ್ಮಾರ್ಕಿನವರ ಹೆಣಿಗೆ. ಅಲ್ಲಿ ಕ್ರಿಸ್ಮಸ್ ಮರಕ್ಕೆ ಇಂಥ ಕಾಗದದ ಹೃದಯಗಳನ್ನು ತೂಗುಹಾಕ್ತಾರೆ, ಒಳಗೆ ಮಿಠಾಯಿ ತುಂಬಿಸಿ. ಮಕ್ಕಳ ಕಥೆಗಳನ್ನು ಬರೆದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಕಾಗದ ಕತ್ತರಿಸೋದ್ರಲ್ಲೂ ಎತ್ತಿದ ಕೈ. 1860ರ ಸುಮಾರಿಗೆ ಅವರು ಹೆಣೆದ ಹೃದಯವೇ ಈಗ ತಿಳಿದಿರುವುದರಲ್ಲಿ ಹಳೆಯದು ಅಂತಾರೆ.

ಎರಡು ಬಣ್ಣದ ಎರಡು ಪಟ್ಟಿಗಳನ್ನೂ ಅರ್ಧಕ್ಕೆ ಮಡಿಸಿ. ಈಗ ಒಂದೊಂದೂ 7 ಸೆಂ.ಮೀ. ಅಗಲ, ಹತ್ತೂವರೆ ಸೆಂ.ಮೀ. ಉದ್ದ. ಮಡಿಕೆ ಇಲ್ಲದ ತುದಿಯನ್ನು ಅರ್ಧಚಂದ್ರದ ಹಾಗೆ ದುಂಡಗೆ ಕತ್ತರಿಸಿ. ಮಡಿಕೆಯ ಕಡೆಯಿಂದ ಎರಡು ಸೀಳು, 7 ಸೆಂ.ಮೀ.ಗಿಂತ ಕೂದಲೆಳೆ ಜಾಸ್ತಿ ಉದ್ದ. ಮೂರು ಸಮಾನ ಬೆರಳು ಆಗಬೇಕು. ಈಗ ಎರಡನ್ನೂ ಮಡಿಕೆ ಕೆಳಗಿರೋ ಹಾಗೆ ಓರೆಯಾಗಿ ಎದುರುಬದುರು ಹಿಡ್ಕೊಳ್ಳಿ. ಕೆಂಪಿನ ಮೊದಲ ಬೆರಳು ಹಳದಿಯ ಮೊದಲ ಬೆರಳಿನ ಮಡಿಕೆಯ ಒಳಗೆ ತೂರಬೇಕು. ಎರಡನೇ ಹಳದಿ ಬೆರಳು ಕೆಂಪಿನ ಒಳಗೆ ಹೋಗಬೇಕು. ಮೂರನೆಯದರಲ್ಲಿ ಮತ್ತೆ ಕೆಂಪು ಒಳಗೆ. ಮುಂದಿನ ಕೆಂಪು ಬೆರಳಿಗೆ ಎಲ್ಲಾ ಉಲ್ಟಾ. ಚಾಪೆ ಹೆಣೆದ ಹಾಗೆ ಮೇಲೆ–ಕೆಳಗೆ ಅಲ್ಲ, ಒಳಗೆ–ಹೊರಗೆ. ಇಲ್ಲೇ ಎಲ್ಲರೂ ತಪ್ಪೋದು. ಸರಿಯಾಗಿ ಬಂದರೆ ಹೃದಯ ಚೀಲದ ಥರ ಬಾಯಿ ತೆರೆಯುತ್ತೆ, ಒಳಗೆ ಚೀಟಿ ಹಾಕಬಹುದು. ಐದು ವರ್ಷದೊಳಗಿನವರಿಗೆ ಒಂದೇ ಸೀಳು, ಎರಡೇ ಬೆರಳು ಸಾಕು.

ಒಬ್ಬರೇ ಹೆಣೆಯೋದು ಕಷ್ಟ, ಜಾರುತ್ತೆ. ಇಬ್ಬರು ಮಕ್ಕಳನ್ನ ಎದುರುಬದುರು ಕೂರಿಸಿ, ಒಬ್ಬರಿಗೊಂದು ಬಣ್ಣ ಕೊಡಿ.

ನಾನು ಇದನ್ನ ಮೊದಲ ಸಲ ಮಾಡಿಸಿದ್ದು ಮೇ ತಿಂಗಳಲ್ಲಿ. ಮೂರನೇ ಮಹಡಿಯ ಮನೆಯವರಿಗೆ ಹುಬ್ಬಳ್ಳಿಗೆ ವರ್ಗ ಆಗಿತ್ತು. ಅವರ ಮಗಳೂ ನನ್ನ ಮಗಳೂ ಎಲ್‌ಕೆಜಿಯಿಂದ ಜೊತೆಗೇ ಬೆಳೆದವರು. ವಿಷಯ ಗೊತ್ತಾದ ಮೇಲೆ ಮಗಳು ಅವಳ ಜೊತೆ ಆಡೋದನ್ನೇ ಬಿಟ್ಟಳು. "ಹೇಗಿದ್ರೂ ಹೋಗ್ತಾಳಲ್ಲ" ಅನ್ನೋಳು. ಸಾಮಾನು ಕಟ್ಟೋ ಹಿಂದಿನ ಸಂಜೆ ಆ ಹುಡುಗಿಯೇ ಮೇಲಿಂದ ಇಳಿದು ಬಂದು ಬಾಗಿಲಲ್ಲಿ ನಿಂತ್ಕೊಂಡಳು, "ಆಂಟಿ, ನಾನು ಒಳಗೆ ಬರ್ಲಾ?" ಅಂತ. ಏನು ಹೇಳಬೇಕೋ ತೋಚದೆ ಇಬ್ಬರಿಗೂ ಒಂದೊಂದು ಪಟ್ಟಿ, ಕತ್ತರಿ ಕೊಟ್ಟೆ. ಮೊದಲ ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಆಮೇಲೆ "ಏಯ್, ನಿಂದು ಒಳಗೆ ಹಾಕು", "ಬಿಡ್ಬೇಡ್ವೇ, ಹಿಡ್ಕೊ" ಶುರುವಾಯ್ತು. ಒಂದು ಹೃದಯ ಆಯ್ತು. ಯಾರ ಹತ್ರ ಇರಬೇಕು ಅಂತ ಜಗಳ ಬಂತು, ಇನ್ನೊಂದು ಮಾಡಿದರು.

ಆ ರಾತ್ರಿ ಮಗಳು ಕೇಳಿದಳು: "ಅಮ್ಮಾ, ಅಲ್ಲಿ ಅವಳಿಗೆ ಬೇರೆ ಫ್ರೆಂಡ್ ಸಿಕ್ಕಿದ್ರೆ?" ಸಿಗಲಿ ಅಂತ ಹೇಳಿದೆ. ಅವಳಿಗೆ ಸಿಟ್ಟು ಬಂತು. ಗೋಡೆ ಕಡೆ ತಿರುಗಿ ಮಲಗಿದಳು. ಹೊಸ ಶಾಲೆಯಲ್ಲಿ ಕೈ ಜೇಬಲ್ಲಿಟ್ಟುಕೊಂಡು ನಿಂತಿದ್ದ ಹುಡುಗನ ವಿಷಯ ಎತ್ತಿದೆ. ಉತ್ತರ ಬರಲಿಲ್ಲ, ಆದರೆ ಕೇಳಿಸ್ಕೊಂಡಳು ಅಂತ ಬೆನ್ನು ನೋಡಿದರೇ ಗೊತ್ತಾಗ್ತಿತ್ತು.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ, ಎಂಟು–ಒಂಬತ್ತು ದಾಟಿದವರು, ಚೌಕದ ಹಾಳೆಯಲ್ಲಿ ಜಪಾನಿನ ಕೊಕ್ಕರೆ ಮಡಿಸೋದು ಕಲಿಸಿ, ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ಜೊತೆಗೆ ಸದಾಕೊ ಸಸಾಕಿಯ ಕಥೆ ಹೇಳಿ. 1945ರ ಆಗಸ್ಟ್ 6ರಂದು ಹಿರೋಶಿಮಾ ಮೇಲೆ ಬಾಂಬು ಬಿದ್ದಾಗ ಅವಳಿಗೆ ಎರಡು ವರ್ಷ. ರಕ್ತದ ಕ್ಯಾನ್ಸರ್ ಬಂದು ಆಸ್ಪತ್ರೆಯಲ್ಲಿ ಕೊಕ್ಕರೆ ಮಡಿಸುತ್ತಾ 1955ರಲ್ಲಿ, ಹನ್ನೆರಡನೇ ವಯಸ್ಸಿಗೆ ತೀರಿಕೊಂಡಳು. ಇಷ್ಟು ಎಲ್ಲರೂ ಹೇಳ್ತಾರೆ. ಅವಳ ಸಹಪಾಠಿಗಳು ಸುಮ್ಮನಿರದೆ ದೇಶದ ಬೇರೆ ಶಾಲೆಗಳ ಮಕ್ಕಳನ್ನೂ ಸೇರಿಸಿಕೊಂಡು ಹಣ ಕೂಡಿಸಿದರು, 1958ರಲ್ಲಿ ಹಿರೋಶಿಮಾದ ಶಾಂತಿ ಉದ್ಯಾನದಲ್ಲಿ ಮಕ್ಕಳ ಸ್ಮಾರಕ ಎದ್ದಿತು ಅನ್ನೋದನ್ನ ಬಿಟ್ಟುಬಿಡ್ತಾರೆ. ನನಗೆ ಆ ಭಾಗವೇ ಮುಖ್ಯ. ನಮ್ಮ ಗೆಳೆತನದ ದಿನವೂ ಆ ತಾರೀಖಿನ ಆಸುಪಾಸಲ್ಲೇ ಬರುತ್ತೆ. 2023ರಲ್ಲಂತೂ ಸರಿಯಾಗಿ ಆಗಸ್ಟ್ 6ಕ್ಕೇ ಬಂದಿತ್ತು.

ಲಕೋಟೆಗೆ ಚೌಕದ ಹಾಳೆಯನ್ನು ಮೂಲೆ ನಿಮ್ಮ ಕಡೆ ಬರೋ ಹಾಗೆ ಇಡಿ. ಎಡ–ಬಲದ ಮೂಲೆಗಳು ನಡುವೆ ಸೇರಲಿ, ಕೆಳಗಿನದು ಅವುಗಳ ಮೇಲೆ ಬರಲಿ, ಅಂಟಿಸಿ. ಮೇಲಿನ ಮೂಲೆಯೇ ಮುಚ್ಚಳ. ಹೃದಯ ಸರಾಗವಾಗಿ ಹಿಡಿಯುತ್ತೆ.

ನಮ್ಮ ಮನೆಯ ಲಕೋಟೆ ಈ ವಾರ ಹುಬ್ಬಳ್ಳಿಗೆ ಹೊರಡುತ್ತೆ. ಒಳಗೊಂದು ಹೃದಯ, ಒಂದು ಬ್ಯಾಂಡ್, ಮತ್ತೆ ನನಗೆ ತೋರಿಸದ ಒಂದು ಚೀಟಿ. ಎ4 ಹಾಳೆ ಒಂದು ಸುಮಾರು ಐದು ಗ್ರಾಂ, ಹಾಗಾಗಿ ಸಾದಾ ಅಂಚೆಯಲ್ಲೇ ಹೋಗುತ್ತೆ. ವಿಳಾಸ, ಪಿನ್‌ಕೋಡ್ ಮಕ್ಕಳ ಕೈಯಲ್ಲೇ ಬರೆಸಿ, ಅದರ ಮೇಲೊಂದು ಸೆಲ್ಲೋಟೇಪ್ ಹಚ್ಚಿ. ಮಳೆಗಾಲ ನೋಡಿ, ಶಾಯಿ ಹರಡಿಬಿಡುತ್ತೆ.