ಗೆಲಾಕ್ಸಿಗಳಿಗೊಂದು ಕ್ಯಾಮೆರಾ
ಅಮೆರಿಕದ ಖಗೋಳವಿಜ್ಞಾನಿ ಜೇಮ್ಸ್ ಗನ್ (ಜನನ 1938) ಸಿದ್ಧಾಂತ, ವೀಕ್ಷಣೆ, ಉಪಕರಣ ನಿರ್ಮಾಣ ಮೂರರಲ್ಲೂ ಪಳಗಿದವರು; ಇಂಥವರು ಅಪರೂಪ. 1965ರಲ್ಲಿ ಬ್ರೂಸ್ ಪೀಟರ್‌ಸನ್ ಜೊತೆಗೂಡಿ, ದೂರದ ಕ್ವೇಸಾರ್‌ಗಳ (ಅತಿ ಉಜ್ವಲ ಗೆಲಾಕ್ಸಿ ಕೇಂದ್ರಗಳ) ಬೆಳಕನ್ನು ಗೆಲಾಕ್ಸಿಗಳ ನಡುವಿನ ತಟಸ್ಥ ಹೈಡ್ರೋಜನ್ ಹೇಗೆ ಹೀರಬೇಕೆಂದು ಲೆಕ್ಕ ಹಾಕಿದರು. ಅದರ ಸ್ಪಷ್ಟ ಗುರುತು ಸಿಕ್ಕಿದ್ದು 2001ರಲ್ಲಿ, ಅದೂ ಗನ್ ಅವರೇ ಮುಂದೆ ನಿಂತು ರೂಪಿಸಿದ ಸ್ಲೋನ್ ಆಕಾಶ ಸಮೀಕ್ಷೆ ಪತ್ತೆಹಚ್ಚಿದ ಕ್ವೇಸಾರ್‌ನಲ್ಲಿ. 1972ರಲ್ಲಿ ರಿಚರ್ಡ್ ಗಾಟ್ ಜೊತೆ ಬರೆದ ಪ್ರಬಂಧ, ಗೆಲಾಕ್ಸಿಗಳ ಗುಚ್ಛದೊಳಕ್ಕೆ ಬೀಳುವ ಗೆಲಾಕ್ಸಿಯ ಅನಿಲವನ್ನು ಅಲ್ಲಿನ ಬಿಸಿ ಅನಿಲ ಕಿತ್ತೊಯ್ಯುವ ಬಗೆಯನ್ನು ವಿವರಿಸಿತು. ಪಾಲೋಮಾರ್‌ನ 200 ಇಂಚಿನ ದೂರದರ್ಶಕಕ್ಕೆ ‘ಫೋರ್ ಶೂಟರ್’ ಕ್ಯಾಮೆರಾ ಕಟ್ಟಿದರು. ಹಬಲ್ ಬಾಹ್ಯಾಕಾಶ ದೂರದರ್ಶಕದ ಮೊದಲ ವಿಶಾಲಕ್ಷೇತ್ರ ಕ್ಯಾಮೆರಾದಲ್ಲೂ ಅವರ ಕೈಯಿತ್ತು. ದೊಡ್ಡ ಸಾಧನೆಯೆಂದರೆ ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟ್‌ನ 2.5 ಮೀಟರ್ ದೂರದರ್ಶಕಕ್ಕೆ ಜೋಡಿಸಿದ ಸ್ಲೋನ್ ಸಮೀಕ್ಷೆಯ ಕ್ಯಾಮೆರಾ. ಅದರಲ್ಲಿ ಆರು ಸಾಲುಗಳಲ್ಲಿ ಬೆಳಕನ್ನು ವಿದ್ಯುದಾವೇಶವಾಗಿಸುವ 30 ದೊಡ್ಡ ಸಿಸಿಡಿ ಚಿಪ್‌ಗಳಿದ್ದವು. ಪ್ರತಿ ಸಾಲಿನ ಐದು ಚಿಪ್‌ಗಳಿಗೆ ಐದು ಬೇರೆ ಬೇರೆ ಬಣ್ಣದ ಫಿಲ್ಟರ್. ಆಕಾಶದ ಬಿಂಬ ಚಿಪ್ ಮೇಲೆ ಜರುಗುವ ವೇಗದಲ್ಲೇ ವಿದ್ಯುದಾವೇಶವನ್ನೂ ಜರುಗಿಸುತ್ತಿದ್ದುದರಿಂದ, ನಿಂತು ನಿಂತು ಫೋಟೊ ತೆಗೆಯುವ ಗೋಜೇ ಇರಲಿಲ್ಲ. ಪ್ರತಿ ಗೆಲಾಕ್ಸಿಯೂ ಒಂದೊಂದು ಫಿಲ್ಟರ್‌ನಡಿ ಸುಮಾರು 54 ಸೆಕೆಂಡು ಸಾಗಿ ಐದು ಬಣ್ಣಗಳಲ್ಲಿ ದಾಖಲಾಗುತ್ತಿತ್ತು. 1998ರಲ್ಲಿ ಕೆಲಸ ಆರಂಭಿಸಿದ ಈ ಕ್ಯಾಮೆರಾ 2009ರಲ್ಲಿ ನಿವೃತ್ತವಾಯಿತು. ಗನ್ ಅವರಿಗೆ 2019ರಲ್ಲಿ ಕ್ಯೋಟೊ ಪ್ರಶಸ್ತಿ ಸಂದಿತು.