ಕತ್ತಿಯ ಲೆಕ್ಕ ಕೇಳಿದವರು ಬಾಣಲೆಯ ಲೆಕ್ಕವನ್ನೂ ಕೇಳಲಿ

2024ರ ಮಾರ್ಚ್ 11ರಂದು ಕರ್ನಾಟಕದಲ್ಲಿ ಎರಡು ಘಟನೆಗಳು ನಡೆದವು. ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿರುವುದಾಗಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಬೆಂಗಳೂರಿನಲ್ಲಿ ಘೋಷಿಸಿದರು. ಅದೇ ದಿನ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬೆಲೆ ಒಮ್ಮೆಗೇ ಕುಸಿದುದರಿಂದ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಮರುದಿನ ರಮಝಾನ್‌ನ ಮೊದಲ ಉಪವಾಸ. ಈ ಎರಡು ಸುದ್ದಿಗಳನ್ನು ಒಟ್ಟಿಗಿಟ್ಟು ಓದಿದವರು ವಿರಳ.

ಬ್ಯಾಡಗಿ ಮೆಣಸಿನಕಾಯಿ ಪ್ರಸಿದ್ಧವಾಗಿರುವುದು ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಾಯಿಯಿಂದ ತೆಗೆಯುವ ಕೆಂಪು ಸತ್ವವು ಲಿಪ್‌ಸ್ಟಿಕ್ ಮತ್ತು ಉಗುರುಬಣ್ಣದ ಕಾರ್ಖಾನೆಗಳ ತನಕ ಪ್ರಯಾಣಿಸುತ್ತದೆ. ಅಂದರೆ ನಮ್ಮ ನೆರೆಜಿಲ್ಲೆಯ ರೈತ ಬೆಳೆದ ನಿಸರ್ಗದ ಕೆಂಪು ಯಾರದೋ ಉಗುರಿಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮ ಮಕ್ಕಳ ಹೊಟ್ಟೆಗೆ ಮಾತ್ರ ಕಾರ್ಖಾನೆಯ ಕೆಂಪು. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇಕೇ?

ಸರಕಾರದ ಲೆಕ್ಕವನ್ನೇ ನೋಡೋಣ. ಅಂದು ಪರೀಕ್ಷಿಸಿದ್ದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದವು. ಬಾಂಬೆ ಮಿಠಾಯಿಯ 25ರಲ್ಲಿ 15. ಮೂರು ತಿಂಗಳ ನಂತರ, ಅದೇ ವರ್ಷದ ಜೂನ್‌ನಲ್ಲಿ, ಕಬಾಬ್‌ನ ಸರದಿ ಬಂತು: 39 ಮಾದರಿಗಳ ಪೈಕಿ ಎಂಟರಲ್ಲಿ ಸನ್‌ಸೆಟ್ ಯೆಲ್ಲೊ ಮತ್ತು ಕಾರ್ಮೋಸಿನ್ ಎಂಬ ಬಣ್ಣಗಳು ಸಿಕ್ಕವು; ಕೋಳಿ, ಮೀನು, ಸಸ್ಯಾಹಾರ ಯಾವ ಕಬಾಬ್‌ಗೂ ಕೃತಕ ಬಣ್ಣ ಹಾಕುವಂತಿಲ್ಲ ಎಂಬ ಆದೇಶವಾಯಿತು. ಅಕ್ಟೋಬರ್‌ನಲ್ಲಿ 235 ಕೇಕ್‌ಗಳ ಪೈಕಿ 12. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸುವ ತಟ್ಟೆಗೆ ಬಟ್ಟೆಯ ಬದಲು ಹಾಸುವ ಪ್ಲಾಸ್ಟಿಕ್ ಹಾಳೆ. ಪ್ರತಿಯೊಂದರ ಹಿಂದೆಯೂ ಒಂದು ಆದೇಶ, ಒಂದು ವಾರದ ದಾಳಿ, ನಾಲ್ಕು ದಿನದ ಟಿವಿ ಚರ್ಚೆ.

ಗೋಬಿಯದು ಅವರ ತಲೆನೋವು ಎಂದು ಕುಳಿತಿದ್ದ ನಮ್ಮ ಸಮುದಾಯಕ್ಕೆ ಕಬಾಬ್‌ನ ಆದೇಶ ಬಂದಾಗಲಾದರೂ ಎಚ್ಚರವಾಗಬೇಕಿತ್ತು. ಏಕೆಂದರೆ ನಮ್ಮ ಊರುಗಳಲ್ಲಿ ಕಬಾಬ್‌ನ ಗಾಡಿ ಯಾರದು? ಸಂಜೆ ಅಸರ್ ನಮಾಝಿನ ಬಳಿಕ ಒಲೆ ಹೊತ್ತಿಸುವವರು ನಮ್ಮವರೇ, ಮಗ್ರಿಬ್ ಮುಗಿಸಿ ಪೊಟ್ಟಣ ಕಟ್ಟಿಸಿಕೊಂಡು ಹೋಗುವವರಲ್ಲಿ ಹೆಚ್ಚಿನವರೂ ನಮ್ಮವರೇ. ಆದೇಶ ಬಂದ ಕೆಲವು ದಿನಗಳ ನಂತರ ಶಿರಸಿಯಲ್ಲಿ ನನಗೆ ಪರಿಚಿತರಾದ ಹಿರಿಯರೊಬ್ಬರ ಗಾಡಿಯ ಮುಂದೆ ನಿಂತಿದ್ದೆ. ಕೋಳಿಯ ತುಂಡುಗಳು ಎಂದಿನಂತೆಯೇ ಕುಂಕುಮದ ಹಾಗೆ ಕೆಂಪಾಗಿದ್ದವು.

“ಚಾಚಾ, ಬಣ್ಣ ನಿಷೇಧವಾಗಿದೆಯಲ್ಲ?” ಎಂದೆ.

“ನನಗೂ ಗೊತ್ತು ಮೌಲಾನಾ. ಎರಡು ದಿನ ಬಣ್ಣವಿಲ್ಲದೆ ಕರಿದೆ. ಹಳೆಯ ಮಾಲೋ ಎಂದು ಕೇಳಿ ಗಿರಾಕಿಗಳು ಪಕ್ಕದ ಗಾಡಿಗೆ ಹೋದರು. ಮೊದಲು ನಿಮ್ಮ ಜಮಾಅತ್‌ನವರ ದಾವತ್‌ನಿಂದ ಬಣ್ಣ ತೆಗೆಸಿ, ಆಮೇಲೆ ನನ್ನ ಗಾಡಿಗೆ ಬನ್ನಿ” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಅದರ ಹಿಂದಿನ ವಾರವಷ್ಟೇ ಸಂಬಂಧಿಕರೊಬ್ಬರ ವಲೀಮಾದಲ್ಲಿ ಊಟ ಮಾಡಿದ್ದೆ. ಬಿರಿಯಾನಿಯ ಮೇಲ್ಪದರದ ಅನ್ನ ಕಿತ್ತಳೆ, ಜರ್ದಾ ಕಣ್ಣು ಕೋರೈಸುವ ಹಳದಿ. ಅದು ಕೇಸರಿಯ ಬಣ್ಣವೆಂದು ಭಾವಿಸುವಷ್ಟು ಮುಗ್ಧರು ಅಲ್ಲಿ ಯಾರೂ ಇರಲಿಲ್ಲ. ಕೇಸರಿಯ ತೂಕದ ಬೆಲೆ ಗೊತ್ತಿದ್ದವರೇ ಎಲ್ಲರೂ. ಬಾಣಸಿಗ ಹೆಸರಿಲ್ಲದ ಪೊಟ್ಟಣವೊಂದನ್ನು ಬಿಚ್ಚಿ ಚಿಟಿಕೆಯಲ್ಲಿ ಹಾಕುತ್ತಿದ್ದುದನ್ನು ನಾನೇ ನೋಡಿದ್ದೆ, ಸುಮ್ಮನಿದ್ದೆ. ಊಟಕ್ಕೆ ಮೊದಲು ಕೋಳಿ ಝಬಹ್ ಮಾಡಿದವರು ಯಾರೆಂದು ಮಾತ್ರ ಮೂವರು ವಿಚಾರಿಸಿದರು.

ಇಲ್ಲಿಯೇ ನಮ್ಮ ರೋಗವಿದೆ. 2022ರ ಯುಗಾದಿಯ ಹೊಸ್ತಿಲಲ್ಲಿ ಹಲಾಲ್ ಮಾಂಸದ ವಿರುದ್ಧ ಬಹಿಷ್ಕಾರದ ಕೂಗೆದ್ದಾಗ ರಾಜ್ಯವೇ ಒಂದು ಕತ್ತಿಯ ಸುತ್ತ ಸುತ್ತಿತು. ಅವರು ಕತ್ತಿಯನ್ನು ದೂಷಿಸಿದರು, ನಾವು ಸಮರ್ಥಿಸಿದೆವು. ಸಮರ್ಥಿಸಬೇಕಾದುದು ನ್ಯಾಯವೇ. ಆದರೆ ಎರಡೂ ಕಡೆಯವರು ಬಾಣಲೆಯೊಳಗೆ ಇಣುಕಲಿಲ್ಲ. ಕುರ್‌ಆನ್ ಆಹಾರದ ಬಗ್ಗೆ ಹೇಳುವಾಗ ಹಲಾಲ್ ಎಂಬ ಪದದ ಜೊತೆಗೆ ತಯ್ಯಿಬ್ ಎಂಬ ಪದವನ್ನೂ ಇರಿಸಿದೆ. ತಯ್ಯಿಬ್ ಎಂದರೆ ಶುದ್ಧವಾದುದು, ಒಳ್ಳೆಯದು. ನಾವು ಮೊದಲನೆಯ ಪದವನ್ನು ಬೋರ್ಡಿನ ಮೇಲೆ ಬರೆಸಿದೆವು, ಎರಡನೆಯದನ್ನು ಮದ್ರಸದ ಪಾಠದಲ್ಲೇ ಬಿಟ್ಟುಬಂದೆವು. ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒಳಗಿನ ತೇವವನ್ನು ಪತ್ತೆಹಚ್ಚಿದ ಪ್ರವಾದಿ(ಸ)ರವರು, ನೆನೆದುದನ್ನು ಜನರಿಗೆ ಕಾಣುವಂತೆ ಮೇಲೆ ಏಕಿಡಲಿಲ್ಲವೆಂದು ವ್ಯಾಪಾರಿಯನ್ನು ಕೇಳಿದ ಪ್ರಸಂಗ ನಮ್ಮ ಖತೀಬರಿಗೆ ಬಾಯಿಪಾಠ. ಮುಸ್ಲಿಮ್ ನಗರಗಳಲ್ಲಿ ಮಾರುಕಟ್ಟೆಯನ್ನು ಕಾಯಲು ಮುಹ್ತಸಿಬ್ ಎಂಬ ಅಧಿಕಾರಿಯೇ ಇದ್ದನು. 12ನೇ ಶತಮಾನದಲ್ಲಿ ಸಿರಿಯಾದ ಅಶ್ಶೈಝರಿ ಆ ಅಧಿಕಾರಿಗಾಗಿ ಬರೆದ ಕೈಪಿಡಿಯಲ್ಲಿ ರೊಟ್ಟಿಯವರು, ಕಟುಕರು, ಅಡುಗೆಯವರು ಮಾಡುವ ಮೋಸಗಳಿಗೆಂದೇ ಪ್ರತ್ಯೇಕ ಅಧ್ಯಾಯಗಳಿವೆ. ನಮ್ಮ ಮಿಂಬರ್‌ಗಳಿಂದ ಈ ವಿಷಯದಲ್ಲಿ ಎಷ್ಟು ಖುತ್ಬಾಗಳು ಕೇಳಿಬಂದಿವೆ?

ಈ ಬಣ್ಣ ತಿಂದೊಡನೆ ಯಾರೂ ಸಾಯುವುದಿಲ್ಲ, ನಿಜ. ಬಣ್ಣದ ವಿಷಯದಲ್ಲಿ ಕ್ಯಾನ್ಸರ್ ಎಂಬ ಪದವನ್ನು ಎಲ್ಲೆಂದರಲ್ಲಿ ಎರಚುವ ಟಿವಿ ನಿರೂಪಕರ ಜೊತೆ ನಾನಿಲ್ಲ. ವಿಷಯ ಅದಕ್ಕಿಂತ ಸೂಕ್ಷ್ಮವಾಗಿದೆ. ಭಾರತದಲ್ಲಿ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಮುಂತಾದ ಎಂಟು ಕೃತಕ ಬಣ್ಣಗಳಿಗೆ ಅನುಮತಿ ಕೊಟ್ಟದ್ದು ಮಿಠಾಯಿ, ಐಸ್‌ಕ್ರೀಮ್, ಬಿಸ್ಕತ್ತಿನಂತಹ ಗೊತ್ತುಪಡಿಸಿದ ತಿನಿಸುಗಳಿಗೆ, ಅದೂ ಕಿಲೋಗ್ರಾಮಿಗೆ 100 ಮಿಲಿಗ್ರಾಮ್ ಮೀರದಂತೆ. ನೂರು ಮಿಲಿಗ್ರಾಮ್ ಎಂದರೆ ಒಂದು ಗ್ರಾಮಿನ ಹತ್ತನೆಯ ಒಂದು ಪಾಲು. ಬಾಣಸಿಗನ ಚಿಟಿಕೆಗೆ ಈ ಅಳತೆ ಗೊತ್ತಿದೆಯೇ? ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಆ ಎಂಟರ ಪಟ್ಟಿಯಲ್ಲೇ ಇಲ್ಲ. ಅದು ಬಟ್ಟೆಗೆ ಹಾಕುವ ಬಣ್ಣ. ಹೆಸರಿಲ್ಲದ ಪೊಟ್ಟಣದೊಳಗೆ ಇರುವುದು ಆ ಎಂಟರಲ್ಲಿ ಒಂದೋ ಬಟ್ಟೆಯ ಬಣ್ಣವೋ ಎಂದು ಹೇಳಬಲ್ಲವರು ಯಾರು?

ಅನುಮತಿಯಿರುವ ಬಣ್ಣಗಳೂ ಪ್ರಶ್ನಾತೀತವಲ್ಲ. 2007ರಲ್ಲಿ ಬ್ರಿಟನ್ನಿನ ಸೌಥಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವು ಕೃತಕ ಬಣ್ಣಗಳನ್ನು ಸೋಡಿಯಂ ಬೆಂಜೋಯೇಟ್ ಜೊತೆ ಬೆರೆಸಿ ಮಕ್ಕಳಿಗೆ ಕುಡಿಸಿ ನೋಡಿದಾಗ ಮಕ್ಕಳ ಚಡಪಡಿಕೆ ಹೆಚ್ಚಿದ್ದು ಕಂಡುಬಂತು. ಅದರ ಫಲವಾಗಿ 2010ರ ಜುಲೈಯಿಂದ ಯುರೋಪಿನಲ್ಲಿ ಅಂಥ ಆರು ಬಣ್ಣಗಳಿರುವ ಪೊಟ್ಟಣದ ಮೇಲೆ, ಇದು ಮಕ್ಕಳ ಚಟುವಟಿಕೆ ಮತ್ತು ಏಕಾಗ್ರತೆಯ ಮೇಲೆ ಕೆಟ್ಟ ಪರಿಣಾಮ ಬೀರಬಹುದೆಂಬ ಎಚ್ಚರಿಕೆ ಕಡ್ಡಾಯವಾಯಿತು. ಆ ಆರರಲ್ಲಿ ನಾಲ್ಕು ನಮ್ಮ ಎಂಟರ ಪಟ್ಟಿಯಲ್ಲಿವೆ. ನಮ್ಮ ಪೊಟ್ಟಣಗಳು ಹೇಳುವುದು ಬಣ್ಣಕ್ಕೆ ಅನುಮತಿಯಿದೆ ಎಂಬಷ್ಟನ್ನೇ.

ಹಾಗೆಂದು ಇಡೀ ಪಾಪವನ್ನು ಗಾಡಿಯವನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಸರಕಾರಕ್ಕೆ ಬಿಡಬಾರದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದದ್ದು 2006ರಲ್ಲಿ, ಜಾರಿಗೆ ಬಂದದ್ದು 2011ರ ಆಗಸ್ಟ್‌ನಲ್ಲಿ. ಐದು ವರ್ಷ ನಿಯಮ ಬರೆಯಲಿಕ್ಕೇ ಬೇಕಾಯಿತು. ನಿಷೇಧ ಘೋಷಿಸಿದಾಗ, ತಪ್ಪಿದರೆ ಏಳು ವರ್ಷ ಸೆರೆ, ಹತ್ತು ಲಕ್ಷ ದಂಡವೆಂಬ ಮಾತು ಗಾಡಿಯವರ ಎದೆ ನಡುಗಿಸಿತು. ಕಾಯ್ದೆಯ 59ನೇ ಕಲಮನ್ನು ತೆರೆದು ಓದಿದರೆ ಆ ಶಿಕ್ಷೆ ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದಾಗ ಮಾತ್ರ. ಯಾರಿಗೂ ಹಾನಿಯಾಗದ ಪ್ರಕರಣಕ್ಕೆ ಮೂಲದಲ್ಲಿ ಆರು ತಿಂಗಳವರೆಗಿನ ಸೆರೆಯಿತ್ತು. 2023ರ ಜನವಿಶ್ವಾಸ ಕಾಯ್ದೆ ಅದನ್ನು ಮೂರು ತಿಂಗಳಿಗೆ ಇಳಿಸಿ, ದಂಡದ ಮಿತಿಯನ್ನು ಒಂದು ಲಕ್ಷದಿಂದ ಮೂರು ಲಕ್ಷಕ್ಕೆ ಏರಿಸಿತು. ಸೆರೆ ಕಡಿಮೆ, ಹಣ ಹೆಚ್ಚು. ಇದು ಯಾರಿಗೆ ಅನುಕೂಲ? ಮೂರು ಲಕ್ಷ ಗಾಡಿಯವನಿಗೆ ಮನೆಯನ್ನೇ ಮಾರಬೇಕಾದ ಮೊತ್ತ, ಬಹುರಾಷ್ಟ್ರೀಯ ಕಂಪೆನಿಗೆ ಒಂದು ಜಾಹೀರಾತಿನ ಖರ್ಚೂ ಅಲ್ಲ.

ಕಂಪೆನಿಗಳ ಪಾಲಿನ ಕಥೆ ಬೇರೆಯೇ. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ 2014ರಲ್ಲಿ ಸಂಗ್ರಹಿಸಿದ ಮ್ಯಾಗಿಯ ಮಾದರಿಯಲ್ಲಿ ಹತ್ತು ಲಕ್ಷಕ್ಕೆ 17 ಪಾಲಿಗೂ ಮೀರಿದ ಸೀಸವಿದೆಯೆಂದು ಪ್ರಯೋಗಾಲಯ ಹೇಳಿತು. ಮಿತಿ ಇದ್ದುದು ಎರಡೂವರೆ. 2015ರ ಜೂನ್‌ನಲ್ಲಿ ದೇಶವ್ಯಾಪಿ ನಿಷೇಧವಾಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ನಿಷೇಧವನ್ನು ರದ್ದುಪಡಿಸಿತು. ಪರೀಕ್ಷಿಸಿದ ಪ್ರಯೋಗಾಲಯಗಳಿಗೆ ಸೂಕ್ತ ಮಾನ್ಯತೆಯಿರಲಿಲ್ಲ, ಕಂಪೆನಿಯ ಅಹವಾಲನ್ನು ಸರಿಯಾಗಿ ಕೇಳಲಿಲ್ಲ ಎಂಬುದು ಕಾರಣ. ನವೆಂಬರ್‌ಗೆ ಮ್ಯಾಗಿ ಮತ್ತೆ ಅಂಗಡಿಯಲ್ಲಿತ್ತು. ನ್ಯಾಯಾಲಯವನ್ನು ನಾನು ದೂರುವುದಿಲ್ಲ. ಕೋಟ್ಯಂತರ ಮಕ್ಕಳು ತಿನ್ನುವ ತಿನಿಸಿನಲ್ಲಿ ಸೀಸವಿತ್ತೇ ಇರಲಿಲ್ಲವೇ ಎಂಬುದನ್ನು ನ್ಯಾಯಾಲಯದಲ್ಲಿ ನಿಲ್ಲುವಂತೆ ಹೇಳಬಲ್ಲ ಪ್ರಯೋಗಾಲಯ ಸರಕಾರದ ಕೈಯಲ್ಲಿರಲಿಲ್ಲವೆಂಬುದೇ ನಾಚಿಕೆಯ ಸಂಗತಿ.

2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಎಂ.ಡಿ.ಎಚ್. ಮತ್ತು ಎವರೆಸ್ಟ್ ಕಂಪೆನಿಗಳ ಕೆಲವು ಮಸಾಲೆಗಳಲ್ಲಿ ಎಥಿಲೀನ್ ಆಕ್ಸೈಡ್ ಇದೆಯೆಂದು ಮಾರಾಟ ತಡೆಯಿತು. ಸಿಂಗಾಪುರ ಎವರೆಸ್ಟ್‌ನ ಮೀನು ಮಸಾಲೆಯನ್ನು ಹಿಂತೆಗೆಸಿತು. ಕಂಪೆನಿಗಳು ಆರೋಪವನ್ನು ಅಲ್ಲಗಳೆದವು. ಆದರೆ ಗಮನಿಸಬೇಕಾದುದು ಇನ್ನೊಂದು. ಅದೇ ತಿಂಗಳು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವು, ದೇಶದಲ್ಲಿ ನೋಂದಣಿಯಾಗದ ಕೀಟನಾಶಕಗಳ ಶೇಷ ಮಸಾಲೆಗಳಲ್ಲಿ ಎಷ್ಟಿರಬಹುದೆಂಬ ಮಿತಿಯನ್ನು ಕಿಲೋಗ್ರಾಮಿಗೆ 0.01ರಿಂದ 0.1 ಮಿಲಿಗ್ರಾಮಿಗೆ, ಎಂದರೆ ಹತ್ತು ಪಟ್ಟು, ಸಡಿಲಿಸಿತ್ತು. ಹೊರಗಿನವರು ನಮ್ಮ ಮಸಾಲೆಯನ್ನು ವಾಪಸು ಕಳುಹಿಸುವಾಗ ಒಳಗಿನವರು ಅಳತೆಗೋಲನ್ನೇ ಉದ್ದ ಮಾಡುತ್ತಿದ್ದರು!

ಇನ್ನು ಆಹಾರ ಸುರಕ್ಷತೆಯ ಹೆಸರಿನಲ್ಲಿ ಧರ್ಮವನ್ನು ತಪಾಸಣೆ ಮಾಡುವ ಚಾಳಿ. 2024ರ ಜುಲೈಯಲ್ಲಿ ಉತ್ತರ ಪ್ರದೇಶದ ಕಾಂವಡ್ ಯಾತ್ರೆಯ ದಾರಿಯ ತಿಂಡಿ ಅಂಗಡಿಗಳು ಮಾಲಕರ ಹೆಸರಿನ ಫಲಕ ಹಾಕಬೇಕೆಂಬ ಆದೇಶ ಹೊರಟಿತು. ಸುಪ್ರೀಮ್ ಕೋರ್ಟ್ ಜುಲೈ 22ರಂದು ಅದಕ್ಕೆ ತಡೆ ನೀಡಿತು. ಮಾಲಕ ಯಾವ ಮತದವನೆಂದು ಗೊತ್ತಾದ ಮಾತ್ರಕ್ಕೆ ಎಣ್ಣೆ ಎಷ್ಟು ಸಲ ಕಾದಿದೆಯೆಂದು ಗೊತ್ತಾಗುತ್ತದೆಯೇ? ಕರಿದೆಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು ಶೇ. 25 ಮೀರಿದರೆ ಅದನ್ನು ಬಳಸಬಾರದೆಂಬ ನಿಯಮ 2018ರ ಜುಲೈಯಿಂದ ಇದೆ. ಅದನ್ನು ಅಳೆಯುವ ಉಪಕರಣವನ್ನು ನಮ್ಮ ಮೂರು ತಾಲೂಕುಗಳ ಯಾವ ಬೀದಿಯಲ್ಲೂ ನಾನು ಈವರೆಗೆ ಕಂಡಿಲ್ಲ.

ನಮ್ಮ ಭಾಗದ ಸಂಕಟ ದೂರದ್ದು ಕೂಡ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೆ ಜಿಲ್ಲಾ ಕೇಂದ್ರ ಘಟ್ಟದ ಕೆಳಗಿನ ಕಾರವಾರ. ವಿಭಾಗದ ಆಹಾರ ಪ್ರಯೋಗಾಲಯ ಬೆಳಗಾವಿಯಲ್ಲಿ. ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಯಲ್ಲಿ ಲಾರಿಗಳು ಹಗಲಿರುಳು ಹಾಯುವ ಯಲ್ಲಾಪುರದ ಢಾಬಾವೊಂದರಲ್ಲಿ ಅಧಿಕಾರಿಯೊಬ್ಬರು ಮಾದರಿ ಪಡೆದರೆ ಅದು ನಾಲ್ಕು ಪಾಲಾಗಿ, ಮೊಹರಾಗಿ, ಬೆಳಗಾವಿ ತಲುಪಿ, ವಿಶ್ಲೇಷಕರು ಹದಿನಾಲ್ಕು ದಿನಗಳೊಳಗೆ ವರದಿ ಕೊಡಬೇಕು. ಅಷ್ಟರಲ್ಲಿ ಆ ಬಾಣಲೆಯಲ್ಲಿ ಹದಿನಾಲ್ಕು ಸಂಜೆಗಳ ಕಬಾಬ್ ಬೆಂದಿರುತ್ತದೆ. ನಿಷೇಧ ಘೋಷಣೆಯಾದ ತಿಂಗಳಲ್ಲೇ ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯೂ ನಡೆಯಿತು. ಲಕ್ಷಗಟ್ಟಲೆ ಜನ ಸೇರುವ ಜಾತ್ರೆಪೇಟೆಯಲ್ಲಿ ಮಂಚೂರಿ ತಿಂದವನಿಗೆ ಬೆಳಗಾವಿಯ ವರದಿ ಬರುವ ವೇಳೆಗೆ ಜಾತ್ರೆಯ ಚಪ್ಪರವೇ ಇರುವುದಿಲ್ಲ.

ಬಣ್ಣದ ಮೋಹ ನಮ್ಮೊಬ್ಬರದೇ ಅಲ್ಲ. ಕಬ್ಬಿನ ಹಾಲಿನ ಕಶ್ಮಲ ತೆಗೆಯಲು ಬೆಂಡೆಗಿಡದ ಲೋಳೆ ಹಾಕುತ್ತಿದ್ದ ಕಾಲ ಹೋಗಿ, ಹಲವೆಡೆ ಬೆಲ್ಲ ಹೊಂಬಣ್ಣಕ್ಕೆ ತಿರುಗಲೆಂದು ಹೈಡ್ರೋಸ್ ಸುರಿಯುವ ಕಾಲ ಬಂದಿದೆ. ಸಿದ್ದಾಪುರದ ಆಲೆಮನೆಯ ಕಪ್ಪು ಜೋನಿಬೆಲ್ಲವನ್ನು ಕಂಡು ಮುಖ ಸಿಂಡರಿಸಿ, ಪೇಟೆಯ ಹಳದಿ ಅಚ್ಚನ್ನು ಕೊಳ್ಳುವವರಲ್ಲಿ ಎಲ್ಲ ಮತದವರೂ ಇದ್ದಾರೆ. ನಮ್ಮ ಇಫ್ತಾರ್‌ನ ಶರಬತ್ತನ್ನೇ ನೋಡಿ. ಶಿರಸಿಯ ಕಾಡುಗಳಲ್ಲಿ ಮುರುಗಲು ಹಣ್ಣು ಉದುರಿ ಬೀಳುತ್ತದೆ; ಅದರ ಸಿಪ್ಪೆಯನ್ನು ಸಕ್ಕರೆಯಲ್ಲಿ ನೆನೆಹಾಕಿದರೆ ಬರುವ ಕೆಂಪಿಗೆ ಯಾವ ಕಂಪೆನಿಯ ಸೀಸೆಯೂ ಸಾಟಿಯಲ್ಲ. ನಾವು ಸೀಸೆಯನ್ನೇ ತರುತ್ತೇವೆ.

ಆದುದರಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜಮಾಅತ್ ಸಮಿತಿಗಳ ಮುಂದೆ ಚಾಚಾರವರ ಸವಾಲನ್ನೇ ಇಡುತ್ತೇನೆ. ಶಾದಿಮಹಲ್‌ನ್ನು ಬಾಡಿಗೆಗೆ ಕೊಡುವಾಗ ನೀರು, ವಿದ್ಯುತ್ತು, ಪಾತ್ರೆಗಳ ಷರತ್ತು ಬರೆಸಿಕೊಳ್ಳುತ್ತೀರಿ. ಅಡುಗೆಗೆ ಬಣ್ಣದ ಪುಡಿ ತರುವಂತಿಲ್ಲ, ಬ್ಯಾಡಗಿ ಮೆಣಸಿನ ಪುಡಿ ಮತ್ತು ಅರಶಿನ ಸಾಕು ಎಂಬ ಒಂದು ಸಾಲನ್ನು ಸೇರಿಸಲು ಏನು ಅಡ್ಡಿ? ರಮಝಾನ್‌ನಲ್ಲಿ ಮಸೀದಿಯ ಬಳಿ ಗಾಡಿ ನಿಲ್ಲಿಸುವವರನ್ನು ಕರೆದು ಎಲ್ಲರೂ ಒಂದೇ ದಿನ ಬಣ್ಣ ಬಿಡುವಂತೆ ಒಪ್ಪಿಸಿದರೆ, ಪಕ್ಕದ ಗಾಡಿಗೆ ಓಡುವ ಗಿರಾಕಿ ಓಡುವುದಾದರೂ ಎಲ್ಲಿಗೆ?

ಕಾಯ್ದೆಯ 40ನೇ ಕಲಮು ಸಾಮಾನ್ಯ ಗ್ರಾಹಕನಿಗೂ ಒಂದು ಹಕ್ಕು ಕೊಟ್ಟಿದೆ. ಖರೀದಿಸುವಾಗಲೇ ವ್ಯಾಪಾರಿಗೆ ತಿಳಿಸಿ, ಶುಲ್ಕ ತೆತ್ತು, ಯಾವುದೇ ಆಹಾರವನ್ನು ವಿಶ್ಲೇಷಕರಿಂದ ಪರೀಕ್ಷಿಸಿ ವರದಿ ಪಡೆಯಬಹುದು. ಯುವಕ ಸಂಘಗಳು ವರ್ಷಕ್ಕೆ ಹತ್ತು ಮಾದರಿಗಳನ್ನಾದರೂ ಹೀಗೆ ಕಳುಹಿಸಲಿ: ಗಾಡಿಯ ಕಬಾಬ್ ಮಾತ್ರವಲ್ಲ, ಕಿರಾಣಿ ಅಂಗಡಿಯ ಮುಂದೆ ಸರಮಾಲೆಯಾಗಿ ತೂಗಾಡುವ ಐದು ರೂಪಾಯಿಯ ಕುರುಕುಲು ಪೊಟ್ಟಣವನ್ನೂ. ಜಿಲ್ಲೆಯ ಅಂಕಿತ ಅಧಿಕಾರಿಯ ಮುಂದೆ ಇಡಬೇಕಾದ ಬೇಡಿಕೆಯೂ ಒಂದಿದೆ. ಸಂಚಾರಿ ಪರೀಕ್ಷಾ ವಾಹನ ಘಟ್ಟದ ಮೇಲಿನ ಈ ಮೂರು ಊರುಗಳಿಗೆ ಯಾವ ತಿಂಗಳು, ಯಾವ ದಿನ ಬರುತ್ತದೆಂಬುದನ್ನು ತಾಲೂಕು ಕಚೇರಿಯ ಫಲಕದಲ್ಲಿ ಹಾಕಲಿ. ಅದು ಪರೀಕ್ಷಿಸಿದ ಮಾದರಿಗಳ ಫಲಿತಾಂಶವನ್ನು, ಗಾಡಿಯದಿರಲಿ ಕಂಪೆನಿಯದಿರಲಿ, ಅದೇ ಫಲಕದಲ್ಲಿ ಅಂಟಿಸಲಿ.